ದರ್ಶಿನಿಯ ಟೋಕನ್, ಒಂದು ಲೋಟ ನೀರು

ಏಪ್ರಿಲ್ ಬಿಸಿಲು, ಮಧ್ಯಾಹ್ನ ಒಂದೂಕಾಲು. ಬೆಂಗಳೂರಿನ ದರ್ಶಿನಿಯೊಂದರ ಕ್ಯಾಷ್ ಕೌಂಟರಿನ ಸಾಲು ಫುಟ್‌ಪಾತಿಗೆ ಇಳಿದಿತ್ತು. ಇಂಥ ಕಡೆ ಮನಸ್ತಾಪ ಹುಟ್ಟುವುದು ಅಡುಗೆಮನೆಯಲ್ಲಲ್ಲ, ಬಿಲ್ ಹೊಡೆಯುವ ಆ ಹತ್ತು ಸೆಕೆಂಡಿನಲ್ಲಿ.

ಮುಂದಿದ್ದ ಹೆಂಗಸು “ಇಡ್ಲಿ ಎರಡು” ಅಂದರು. ಬೇಕಿದ್ದದ್ದು ಎರಡು ಇಡ್ಲಿ, ಬಿಲ್ಲಾದದ್ದು ಎರಡು ಪ್ಲೇಟು, ಅಂದರೆ ನಾಲ್ಕು. “ಒಂದು ಪ್ಲೇಟ್ ಇಡ್ಲಿ” ಅಂದುಬಿಟ್ಟರೆ ಈ ಗೊಂದಲವಿಲ್ಲ. ಬೋರ್ಡಿನಲ್ಲಿ “ಇಡ್ಲಿ ವಡೆ” ಎಂದಿದ್ದರೆ ಸಾಮಾನ್ಯವಾಗಿ ಎರಡು ಇಡ್ಲಿ, ಒಂದು ವಡೆ. ಒಂದೊಂದೇ ಸಾಕಾದರೆ “ಸಿಂಗಲ್” ಎಂಬ ಪದ ಮೊದಲೇ ಬರಬೇಕು. ಇಡ್ಲಿ ಸಾಂಬಾರಿನಲ್ಲಿ ಮುಳುಗಿರಬೇಕೋ (“ಡಿಪ್”), ಸಾಂಬಾರ್ ಬೇರೆ ಬೇಕೋ ಎಂಬುದು ಟೋಕನ್ನಿನಲ್ಲಿ ಅಚ್ಚಾಗುವುದಿಲ್ಲ. ಅದನ್ನು ಪ್ಲೇಟಿಗೆ ಹಾಕುವವರಿಗೆ, ಸೌಟು ಏಳುವ ಮೊದಲೇ ಹೇಳಬೇಕು. ತಪ್ಪಾಗಿದ್ದರೆ ಟೋಕನ್ ಕೈಯಲ್ಲಿರುವಾಗಲೇ ವಾಪಸ್ ಹೋಗಿ. ದೋಸೆಯವರು ಅದನ್ನು ಮೊಳೆಗೆ ಚುಚ್ಚಿದ ಮೇಲೆ ಕ್ಯಾಷಿಯರ್ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಯುಪಿಐನದು ಇನ್ನೊಂದು ಫಜೀತಿ. ಖಾತೆಯಿಂದ ದುಡ್ಡು ಹೋಗಿದೆ, ಸೌಂಡ್‌ಬಾಕ್ಸ್ ಮಾತಾಡಿಲ್ಲ, ಹಿಂದಿನವರು ನೂಕುತ್ತಿದ್ದಾರೆ. ಗಾಬರಿಯಲ್ಲಿ ಎರಡನೇ ಸಲ ಕಳಿಸಬೇಡಿ. ಹಿಸ್ಟರಿ ತೆರೆದು ವಹಿವಾಟಿನ ಸ್ಥಿತಿಯನ್ನೂ ಯುಟಿಆರ್ ಸಂಖ್ಯೆಯನ್ನೂ (ಆ ಪಾವತಿಯ ಗುರುತಿನ ಸಂಖ್ಯೆ) ತೋರಿಸಿ. ಅಂಗಡಿಗೆ ದೃಢೀಕರಣ ತಲುಪದ ಹಣ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ.

ತಟ್ಟೆ ಹಿಡಿದು ನೀರಿನ ಡ್ರಮ್ಮಿನ ಹತ್ತಿರ ಬಂದರೆ ಅಲ್ಲಿ ಬೇರೆಯೇ ಮಾತು. “ನಿಂತು ನೀರು ಕುಡೀಬೇಡ, ಮಂಡಿ ಹೋಗುತ್ತೆ” ಎಂದು ತಾಯಿಯೊಬ್ಬರು ಮಗನ ಕೈಯಿಂದ ಲೋಟ ಇಳಿಸಿದರು. ಕೂರಲು ಕುರ್ಚಿಯೇ ಇಲ್ಲದ ಜಾಗದಲ್ಲಿ, ಸೆಕೆಯಲ್ಲಿ ಬೆವತ ಹುಡುಗ ಬಾಯಾರಿಕೊಂಡೇ ಉಳಿದ. ನಿಂತು ಕುಡಿದರೂ ಕೂತು ಕುಡಿದರೂ ನೀರು ಹೋಗುವುದು ಹೊಟ್ಟೆಗೆ, ಅಲ್ಲಿಂದ ಸಣ್ಣ ಕರುಳಿಗೆ, ಅಲ್ಲಿಂದ ರಕ್ತಕ್ಕೆ. ಮಂಡಿಗೆ ಅಡ್ಡದಾರಿ ಇಲ್ಲ. ಊಟದ ನಡುವೆ ನೀರು ಕುಡಿದರೆ ಜೀರ್ಣರಸ ತೆಳುವಾಗುತ್ತದೆ ಎಂಬುದೂ ಹಾಗೆಯೇ. ಸಾರು, ಸಾಂಬಾರುಗಳ ಬಹುಪಾಲು ನೀರೇ ತಾನೇ? ಹೊಟ್ಟೆ ಬೇಕಾದಷ್ಟು ಆಮ್ಲ ಸುರಿಸಿಕೊಳ್ಳುತ್ತದೆ.

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಎಂಬ ಲೆಕ್ಕಕ್ಕೆ ಮೂಲವೆಂದು ಸಾಮಾನ್ಯವಾಗಿ ತೋರಿಸುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಕೊಟ್ಟ ಸಲಹೆಯನ್ನು: ದಿನಕ್ಕೆ ಸುಮಾರು ಎರಡೂವರೆ ಲೀಟರ್. ಅದರಲ್ಲಿ ಹೆಚ್ಚಿನ ಪಾಲು ಆಹಾರದಲ್ಲೇ ಇರುತ್ತದೆ ಎಂಬ ಮುಂದಿನ ಮಾತು ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಅನ್ನದಲ್ಲಿ ಶೇಕಡಾ 70ರ ಹತ್ತಿರ, ಮೊಸರಿನಲ್ಲಿ 85ಕ್ಕೂ ಮೇಲೆ ನೀರಿರುತ್ತದೆ. ಆರೋಗ್ಯವಂತರಿಗೆ ಬಾಯಾರಿಕೆ ಒಳ್ಳೆಯ ಅಳತೆಗೋಲು. ಮೂತ್ರ ತಿಳಿಹಳದಿಯಾಗಿದ್ದರೆ ಸಾಕು. ವಯಸ್ಸಾದವರಿಗೆ ಬಾಯಾರಿಕೆ ಮಂದವಾಗುವುದರಿಂದ ಅವರಿಗೆ ಆಗಾಗ ಕೇಳಿ ಕೊಡಬೇಕು.

ಬಿಸಿಲಲ್ಲಿ ದುಡಿದು ಬಂದವರು ಜ್ಯೂಸ್ ಕೌಂಟರಿಗಿಂತ ಮಜ್ಜಿಗೆಯ ಕಡೆ ನಡೆದರೆ ಒಳ್ಳೆಯದು. ಬೆವರಲ್ಲಿ ಹೋದ ಉಪ್ಪು ಅಲ್ಲಿ ಮರಳಿ ಸಿಗುತ್ತದೆ. 300 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಭೇದಿಯಾದಾಗ ಅದು ಓಆರ್‌ಎಸ್‌ಗೆ, ಅಂದರೆ ಉಪ್ಪು-ಸಕ್ಕರೆಯ ಪುನರ್ಜಲೀಕರಣ ದ್ರಾವಣಕ್ಕೆ, ಬದಲಿಯಲ್ಲ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕೈಯಳತೆ ಬೇಡ.

ಕೊನೆಗೆ ಕಾಫಿ. ಅದು ಮೈಯ ನೀರನ್ನೆಲ್ಲ ಹೊರಹಾಕುತ್ತದೆ ಎಂದು ಹೆದರಬೇಕಿಲ್ಲ, ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಿಗೆ ಅದೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ತಿಂಡಿಯ ಜೊತೆಗೇ ಬಿಲ್ ಮಾಡಿಸಿದರೂ ಕಾಫಿ ಟೋಕನ್ ಜೇಬಿನಲ್ಲಿರಲಿ, ತಿಂದಾದ ಮೇಲೆ ಕೊಡಿ. ಸಕ್ಕರೆ ಕಮ್ಮಿ ಬೇಕಿದ್ದರೆ ಟೋಕನ್ ನೀಡುವಾಗಲೇ ಹೇಳಿ, ಸಾಲಾಗಿ ಇಟ್ಟ ಲೋಟಗಳ ತಳದಲ್ಲಿ ಅದು ಆಗಲೇ ಬಿದ್ದಿರುತ್ತದೆ.