ಒಂದಕ್ಕೆ ಎಂಬತ್ತೇಳರ ಹರಟೆ

ಸ್ಯಾನ್ ಡಿಯಾಗೊಗೆ ಹೋದವರು ಝೂ ನೋಡುತ್ತಾರೆ, ಸಮುದ್ರ ನೋಡುತ್ತಾರೆ, ದಡದಲ್ಲಿ ಕಟ್ಟಿಹಾಕಿರುವ ವಿಮಾನವಾಹಕ ಹಡಗು ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಭಾವ ಮಾತ್ರ ನನ್ನನ್ನು ಮೊದಲು ಕರೆದುಕೊಂಡು ಹೋಗಿದ್ದು ಬಾಲ್ಬೋವ ಪಾರ್ಕಿನ ಒಂದು ಕಟ್ಟಡದ ಕೆಳಅಂತಸ್ತಿಗೆ. ಅಕ್ಕ ಮನೆಯಲ್ಲೇ ಉಳಿದಳು. "ನಾನು ಅದನ್ನ ಬೇಕಾದಷ್ಟು ನೋಡಿದೀನಿ ಕಣೋ, ನೀನು ನೋಡ್ಕೊಂಡು ಬಾ" ಎಂದು ಬಾಗಿಲು ಹಾಕಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಕಟ್ಟಡದ ಹೆಸರು ಕಾಸಾ ಡಿ ಬಾಲ್ಬೋವ. ಹಳೆಯದು 1978ರಲ್ಲಿ ಬೆಂಕಿಗೆ ಬಿತ್ತು, ಆಮೇಲೆ ಅದೇ ಚಹರೆಯಲ್ಲಿ ಮತ್ತೆ ಎಬ್ಬಿಸಿದರು. ಅದರ ಕೆಳಗೆ 27,000 ಚದರಡಿಯಲ್ಲಿ ಮಾಡೆಲ್ ರೈಲ್‌ರೋಡ್ ಮ್ಯೂಸಿಯಂ ಇದೆ. ಒಂದೊಂದು ಕೋಣೆಯನ್ನು ಒಂದೊಂದು ಕ್ಲಬ್ಬು ನೋಡಿಕೊಳ್ಳುತ್ತದೆ. ಮಕ್ಕಳು ಗುಂಡಿ ಒತ್ತಿ ಓಡಿಸುವ ಆಟದ ರೈಲಿನ ಕೋಣೆಯೂ ಉಂಟು. ಅಲ್ಲಿ ಗಲಾಟೆಯೋ ಗಲಾಟೆ. ಭಾವ ಅದನ್ನು ದಾಟಿ ನೇರವಾಗಿ ತೆಹಚಪಿಯ ಮುಂದೆ ನಿಲ್ಲಿಸಿದರು.

ತೆಹಚಪಿ ಕ್ಯಾಲಿಫೋರ್ನಿಯದ ಒಂದು ಘಾಟಿ. ಬೇಕರ್ಸ್‌ಫೀಲ್ಡ್ ಎಂಬ ಬಯಲಿನ ಊರಿನಿಂದ ಮೊಹಾವಿ ಮರುಭೂಮಿಗೆ ರೈಲು ಏರಿ ಇಳಿಯುವ ದಾರಿ. 1876ರಲ್ಲಿ ಇದನ್ನು ಕಟ್ಟಿದವರಲ್ಲಿ ಬಹುಪಾಲು ಚೀನಾದಿಂದ ಬಂದ ಕೂಲಿಗಳು. ಇಳಿಜಾರು ಕೈಮೀರದಂತೆ ಎತ್ತರ ಗಳಿಸಬೇಕಲ್ಲ, ಅದಕ್ಕೆ ಒಂದು ಗುಡ್ಡಕ್ಕೆ ಹಳಿಯನ್ನು ಸುತ್ತಿಸಿದರು. 3,779 ಅಡಿಯ ಸುತ್ತು. ಒಂದು ಸುತ್ತಿಗೆ 77 ಅಡಿ ಏರಿಕೆ. ಗಾಡಿ ಸಾಕಷ್ಟು ಉದ್ದವಿದ್ದರೆ ಎಂಜಿನ್ನು ತನ್ನದೇ ಬಾಲದ ಮೇಲೆ ಹಾದುಹೋಗುತ್ತದೆ. ಅದನ್ನೇ ಇಲ್ಲಿ ಎಚ್‌ಒ ಅಳತೆಯಲ್ಲಿ, ಅಂದರೆ ಒಂದಕ್ಕೆ ಎಂಬತ್ತೇಳರಲ್ಲಿ, ನಿಜದ ಎಂಬತ್ತೇಳನೇ ಒಂದು ಭಾಗದಷ್ಟು ಗಾತ್ರದಲ್ಲಿ ಮಾಡಿದ್ದಾರೆ. ಒಣಹುಲ್ಲಿನ ಗುಡ್ಡ, ಅಲ್ಲೊಂದು ಇಲ್ಲೊಂದು ಓಕ್ ಮರ, ಸಿಗ್ನಲ್ ಕಂಬ. ಕಾಲ 1950ರ ದಶಕ. ಉಗಿ ಎಂಜಿನ್ನು ಇನ್ನೂ ಹೋಗಿಲ್ಲ, ಡೀಸೆಲ್ ಬಂದುಬಿಟ್ಟಿದೆ.

ನಾನು ಬಾಯಿಬಿಟ್ಟು ನೋಡುತ್ತಿದ್ದಾಗ ಗುಡ್ಡದ ಹಿಂದಿನಿಂದ ಒಂದು ದನಿ ಕೇಳಿತು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ಜಗಳ.

"ಆ ಪಾಯಿಂಟು ಮತ್ತೆ ಕಚ್ಚಿಕೊಂಡಿದೆ."

"ಹೋದ ವಾರ ಅದನ್ನ ಸರಿ ಮಾಡಿದ್ದು ಯಾರು?"

"ನೀನೇ."

"ಹಾಗಾದ್ರೆ ಅದು ಕಚ್ಚಿಕೊಂಡಿಲ್ಲ, ನಿನ್ನ ಗಾಡಿಯ ಚಕ್ರ ಸರಿಯಿಲ್ಲ."

ಗುಡ್ಡದ ಪಕ್ಕ ಎರಡು ತಲೆ ಕಾಣಿಸಿಕೊಂಡವು. ಒಂದರ ಮೇಲೆ ಪಟ್ಟೆ ಪಟ್ಟೆಯ ಡ್ರೈವರ್ ಟೋಪಿ, ಇನ್ನೊಂದರ ಮೇಲೆ ಏನೂ ಇಲ್ಲ, ಕೂದಲೂ ಇಲ್ಲ. ಇಬ್ಬರೂ ಎಪ್ಪತ್ತು ದಾಟಿದವರು, ಭಾವನ ಸ್ನೇಹಿತರು. ಅಲ್ಲಿಂದ ಸಂಜೆಯವರೆಗೆ ನಾನು ಕೇಳಿದ್ದರಲ್ಲಿ "ಎಷ್ಟು ಚೆನ್ನಾಗಿದೆ" ಎಂಬ ಮಾತೇ ಇಲ್ಲ. ಹಾಗನ್ನುವವರು ಗಾಜಿನ ಈಚೆ ನಿಂತ ನಾವು. ಒಳಗಿನವರ ಬಾಯಲ್ಲಿ ಬರುವುದೆಲ್ಲ ಯಾವುದು ಕೆಟ್ಟಿದೆ, ಯಾರು ಕೆಡಿಸಿದರು, ಯಾವ ಅಂಟು ಹಿಡಿಯಲಿಲ್ಲ ಎಂಬುದೇ. ಸಕಲೇಶಪುರ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು ಚಹಾ ಕುಡಿಯುತ್ತಾ ಆಡುತ್ತಿದ್ದ ಮಾತಿನ ಧಾಟಿಯೂ ಇದೇ. ಪಶ್ಚಿಮಘಟ್ಟದ ಸೊಬಗನ್ನು ಹೊಗಳಿದ ರೈಲ್ವೆ ನೌಕರನನ್ನು ನಾನಂತೂ ಕಂಡಿಲ್ಲ.

ಆ ದಿನ ಬಿಸಿಬಿಸಿ ಚರ್ಚೆಯಾಗಿದ್ದು ಹಳಿ ಒರೆಸುವ ವಿಷಯ. ಮಾಡೆಲ್ ರೈಲಿಗೆ ಕರೆಂಟು ಹೋಗುವುದು ಹಳಿಯ ಮೂಲಕ. ಹಳಿಯ ಮೇಲೆ ಕಪ್ಪು ಜಿಡ್ಡು ಕಟ್ಟಿದರೆ ಎಂಜಿನ್ನು ತೊದಲುತ್ತದೆ, ನಿಲ್ಲುತ್ತದೆ. ಬೋಳುತಲೆಯವರು ಐಸೊಪ್ರೊಪೈಲ್ ಆಲ್ಕೋಹಾಲ್ ಪಕ್ಷ. ಜೀವಮಾನವೆಲ್ಲ ಅದರಲ್ಲೇ ಒರೆಸಿದವರು. ಟೋಪಿಯವರು ಈಚೆಗೆ ಪಕ್ಷಾಂತರ ಮಾಡಿದ್ದಾರೆ. ಆಲ್ಕೋಹಾಲ್ ಜಿಡ್ಡನ್ನು ತೆಗೆದಂತೆ ಮಾಡಿ ಮತ್ತೆ ಕಟ್ಟಲು ದಾರಿ ಬಿಡುತ್ತದೆ, ಮಿನರಲ್ ಸ್ಪಿರಿಟ್ ಇಲ್ಲವೇ ಸೀಮೆಎಣ್ಣೆಯಂಥದ್ದೇ ಮೇಲು ಎಂಬುದು ಅವರ ವಾದ.

"ಸೀಮೆಎಣ್ಣೆ ವಾಸನೆಗೆ ನನ್ನ ಹೆಂಡತಿ ಮನೆಯೊಳಗೆ ಸೇರಿಸಲ್ಲ."

"ಆಲ್ಕೋಹಾಲ್ ವಾಸನೆಗೆ ಸೇರಿಸ್ತಾಳಾ?"

ಇದಕ್ಕೆ ಭಾವ ಮೂರನೆಯ ಮತ ಸೇರಿಸಿದರು. ಒರೆಸಿದ ಮೇಲೆ ಹಳಿಯ ಒಳಅಂಚಿಗೆ ಮೆತ್ತನೆಯ ಗ್ರಾಫೈಟ್ ಕಡ್ಡಿಯಿಂದ ತೆಳ್ಳಗೆ ಒಂದು ಗೆರೆ ಎಳೆದರೆ ತಿಂಗಳುಗಟ್ಟಲೆ ತೊಂದರೆಯಿಲ್ಲವಂತೆ. ಏರುಹಾದಿಯಲ್ಲಿ ಗ್ರಾಫೈಟ್ ಹಚ್ಚಿದರೆ ಚಕ್ರ ಜಾರುತ್ತದೆ ಎಂದು ಮಿಕ್ಕಿಬ್ಬರೂ ಒಟ್ಟಾಗಿ ಅವರ ಮೇಲೆ ಬಿದ್ದರು. ಅಷ್ಟು ಹೊತ್ತಿನಲ್ಲಿ ಅವರಿಬ್ಬರಲ್ಲಿ ಒಮ್ಮತ ಕಂಡಿದ್ದು ಅದೊಂದೇ ಸಲ.

ಮಣ್ಣಿನ ಕೆಲಸ ನನಗೆ ಬಹಳ ಹಿಡಿಸಿತು. ಗುಡ್ಡದ ಬಣ್ಣ ಡಬ್ಬಿಯದ್ದಲ್ಲ, ಮಣ್ಣಿನದ್ದೇ. ಜಾಗದಿಂದ ತಂದ ಮಣ್ಣನ್ನು ಒಲೆಯಲ್ಲಿ ಕಾಯಿಸಿ, ನಯವಾದ ಜರಡಿ ಹಿಡಿದು, ಆಮೇಲೆ ಅದರಲ್ಲಿ ಮ್ಯಾಗ್ನೆಟ್ ಆಡಿಸುತ್ತಾರೆ. ಟೋಪಿಯವರು ನನ್ನ ಕೈಗೊಂದು ಮ್ಯಾಗ್ನೆಟ್ ಕೊಟ್ಟು ಒಂದು ಡಬ್ಬಿ ಮುಂದಿಟ್ಟರು. ಆಡಿಸಿ ಎತ್ತಿದರೆ ತುದಿಗೆ ಸಣ್ಣ ಮೀಸೆಯಂತೆ ಕಪ್ಪು ಪುಡಿ ನಿಂತಿತ್ತು. ಮಣ್ಣಿನಲ್ಲಿರುವ ಕಬ್ಬಿಣ. ಅದು ಹಾಗೇ ಉಳಿದರೆ ಎಂಜಿನ್ನಿನ ಮೋಟಾರು ಹೋಗುತ್ತಾ ಹೋಗುತ್ತಾ ಅದನ್ನೆಲ್ಲ ಎಳೆದುಕೊಂಡು ಕೆಟ್ಟು ಕೂರುತ್ತದೆ. ಮಣ್ಣು, ಜಲ್ಲಿ ಎರಡನ್ನೂ ಹಿಡಿಸುವುದು ನಮ್ಮ ಫೆವಿಕಾಲ್ ತರಹದ ಬಿಳಿ ಅಂಟನ್ನು ನೀರಿನಲ್ಲಿ ಕದಡಿ, ಒಂದು ತೊಟ್ಟು ಪಾತ್ರೆ ಸೋಪು ಹಾಕಿ. ಸೋಪಿಲ್ಲದಿದ್ದರೆ ಅಂಟು ಮೇಲೆಯೇ ಗುಂಡಾಗಿ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ಇಷ್ಟು ಹೇಳಿ ಅವರು ಸೊಂಟ ಹಿಡಿದುಕೊಂಡರು. ಹಲಗೆಯ ಕೆಳಗೆ ನುಸುಳಿ ವೈರು ಜೋಡಿಸುವ ಈ ಹವ್ಯಾಸದಲ್ಲಿ ಮಂಡಿ, ಸೊಂಟಗಳ ಮಾತು ಎಂಜಿನ್ನಿನ ಮಾತಿನಷ್ಟೇ ಬರುತ್ತದೆ. ಯಾವ ಡಾಕ್ಟರು, ಯಾವ ಮಾತ್ರೆ, ಯಾವ ಮಂಡಿಗೆ ಆಪರೇಷನ್ ಎಂಬುದೆಲ್ಲ ಎಲ್ಲರಿಗೂ ಬಾಯಿಪಾಠ.

ಗಾಡಿ ಓಡಿಸಲು ನಿಂತರೆ ಮಾತ್ರ ಹರಟೆ ಬದಲಾಗುತ್ತದೆ. ಗೋಡೆಯ ಮೇಲೊಂದು ಅವಸರದ ಗಡಿಯಾರ. ದೂರ ಚಿಕ್ಕದಾದ್ದರಿಂದ ಸಮಯವನ್ನೂ ಕುಗ್ಗಿಸಿ, ನಮ್ಮ ಒಂದು ಗಂಟೆಯಲ್ಲಿ ಅವರು ಹಲವು ಗಂಟೆ ಓಡಿಸುತ್ತಾರೆ. ಒಬ್ಬರು ಡಿಸ್ಪ್ಯಾಚರ್, ಅಂದರೆ ಯಾವ ಗಾಡಿ ಯಾವಾಗ ಹೋಗಬೇಕೆಂದು ತೀರ್ಮಾನಿಸುವವರು. ಅವರು ಫೋನಿನಲ್ಲಿ ಆರ್ಡರ್ ಹೇಳಬೇಕು, ಆಪರೇಟರ್ ಬರೆದುಕೊಂಡು ಅಕ್ಷರಕ್ಷರ ತಿರುಗಿ ಒಪ್ಪಿಸಬೇಕು. ಇಂಥ ಗಾಡಿ ಇಂಥ ಸ್ಟೇಷನ್ನಿನಲ್ಲಿ ಇಂಥದ್ದಕ್ಕೆ ದಾರಿ ಬಿಡಬೇಕು ಎಂದು. ಒಂದು ಪದ ತಪ್ಪಿದರೂ ಮೊದಲಿಂದ. ಮುಂದಿನ ಹಳಿಗೆ ಹೋಗಲು ಅನುಮತಿಯಾದ ಟೋಕನ್ನನ್ನು ಬೆತ್ತದ ಬಳೆಯಲ್ಲಿ ಸಿಕ್ಕಿಸಿ ಡ್ರೈವರಿಗೆ ಕೊಡುತ್ತಿದ್ದ ನಮ್ಮ ಸ್ಟೇಷನ್ನುಗಳ ಕಾಲ ನೆನಪಿದ್ದವರಿಗೆ ಇದು ಆಟವೆನಿಸುವುದಿಲ್ಲ.

ಆಗ ಕೆಳಗಿನಿಂದ ಒಂದು ವಿಚಿತ್ರ ಉಗಿ ಎಂಜಿನ್ನು ಬಂತು. ಡ್ರೈವರ್ ಕೂರುವ ಕೋಣೆ ಮುಂದೆ, ಹೊಗೆಕೊಳವೆ ಹಿಂದೆ. ತಿರುಗಿಸಿ ಕಟ್ಟಿದ್ದಾರೇನೋ ಅನ್ನಿಸುವಂತಿತ್ತು. ಸದರ್ನ್ ಪೆಸಿಫಿಕ್ ಕಂಪನಿಯ ಕ್ಯಾಬ್ ಫಾರ್ವರ್ಡ್ ಅಂತೆ. ಉದ್ದನೆಯ ಸುರಂಗಗಳಲ್ಲಿ, ಹಿಮಕ್ಕೆ ಕಟ್ಟಿದ ಮರದ ಚಪ್ಪರಗಳಲ್ಲಿ ಹೊಗೆಗೆ ಸಿಬ್ಬಂದಿ ಉಸಿರುಗಟ್ಟುತ್ತಿದ್ದರು, ಅದಕ್ಕೆ ಎಂಜಿನ್ನನ್ನೇ ಹಿಂದುಮುಂದಾಗಿಸಿದರು. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುತ್ತಿದ್ದರಿಂದ ಇದು ಸಾಧ್ಯವಾಯಿತು. ಎಣ್ಣೆಯನ್ನು ಹಿಂದಿನಿಂದ ಕೊಳವೆಯಲ್ಲಿ ತರಬಹುದು, ಕಲ್ಲಿದ್ದಲನ್ನು ಅಷ್ಟು ದೂರ ಸಲಿಕೆಯಲ್ಲಿ ಎಸೆಯಲಾಗದು.

ಮಾರನೆಯ ವಾರ ನಿಜವಾದ ತೆಹಚಪಿಗೆ ಹೊರಟೆವು. ಸುಮಾರು ನಾಲ್ಕು ಗಂಟೆಯ ಹಾದಿ. ಅಕ್ಕ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬಂದಳು. ಮರುಭೂಮಿಯ ಊಟಕ್ಕೆ ಅವಳಿಗೆ ಯಾರ ಮೇಲೂ ನಂಬಿಕೆಯಿಲ್ಲ. ಜೋಶುವಾ ಮರಗಳ ಬಯಲು, ಮೊಹಾವಿಯಲ್ಲಿ ಸಾಲಾಗಿ ನಿಲ್ಲಿಸಿದ ಹಳೆಯ ವಿಮಾನಗಳು, ಆಮೇಲೆ ಗುಡ್ಡದ ತುಂಬ ಗಾಳಿಯಂತ್ರಗಳು. ಊರು ದಾಟಿ ಹಳೆಯ ರಸ್ತೆ ಹಿಡಿದು ಇಳಿದರೆ ಎಡಕ್ಕೆ ಆ ಸುತ್ತು ಕಾಣುತ್ತದೆ. ಮ್ಯೂಸಿಯಂನಲ್ಲಿ ನೋಡಿದ್ದರಿಂದ ಎಲ್ಲವೂ ಪರಿಚಿತ: ಒಂಬತ್ತನೇ ಸುರಂಗ, ಗಾಡಿಗಳು ಪಕ್ಕಕ್ಕೆ ಸರಿದು ನಿಲ್ಲುವ ವಾಲಾಂಗ್ ಸೈಡಿಂಗ್, ಒಣಹುಲ್ಲು, ಓಕ್. ನಡುಗುಡ್ಡದ ಬಿಳಿ ಶಿಲುಬೆಯೊಂದು ಹೊಸದು. 1989ರಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ ಗಾಡಿ ಉರುಳಿ ಸತ್ತ ಇಬ್ಬರು ರೈಲ್ವೆ ನೌಕರರ ನೆನಪಿಗೆ ನಿಲ್ಲಿಸಿದ್ದು.

ರಸ್ತೆಯಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮೂವರು ಕೂತಿದ್ದರು. ಪಕ್ಕದಲ್ಲಿ ರೈಲ್ವೆಯ ಮಾತು ಹಿಡಿಯುವ ರೇಡಿಯೊ, ತಂಪು ಪೆಟ್ಟಿಗೆ. ಭಾವ ಅವರ ಕುರ್ಚಿಯ ಪಕ್ಕಕ್ಕೆ ಹೋಗಿ ಕೇಳಿದ ಮೊದಲ ಪ್ರಶ್ನೆ "ನಮಸ್ಕಾರ" ಅಲ್ಲ, "ಏನಾದ್ರೂ ಬರ್ತಾ ಇದೆಯಾ?" ಹತ್ತು ನಿಮಿಷಕ್ಕೆ ಬಂತು. ಎರಡಂತಸ್ತಿನ ಕಂಟೇನರುಗಳ ಗಾಡಿ, ಮುಂದೆ ಎಂಜಿನ್ನು, ನಡುವೆ ಎಂಜಿನ್ನು, ಹಿಂದೆ ಎಂಜಿನ್ನು. ಸುರಂಗದೊಳಗೆ ನುಗ್ಗಿ ಗುಡ್ಡ ಸುತ್ತಿ ತನ್ನ ಮೇಲೆಯೇ ತಾನು ಬಂತು. ಕಂಟೇನರುಗಳು ಕೆಳಗೂ ಮೇಲೂ ಎದುರುಬದುರಾಗಿ ಸಾಗುತ್ತಿದ್ದರೆ ನನಗೆ ಕೂಗಬೇಕೆನಿಸಿತು. ಕುರ್ಚಿಯವರಲ್ಲಿ ಒಬ್ಬರು, "ಎರಡನೇ ಎಂಜಿನ್ನಿನ ಬಣ್ಣ ಎಷ್ಟು ಮಾಸಿದೆ ನೋಡು, ನೀನು ಬಳಿಯೋ ತುಕ್ಕು ಯಾವತ್ತೂ ಹೀಗೆ ಬರಲ್ಲ" ಎಂದರು. ಅವರೂ ಮಾಡೆಲ್ಲಿನವರೇ.

ನಾನು ನಮ್ಮ ಘಾಟಿಯ ವಿಷಯ ತೆಗೆದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರು, 57 ಸುರಂಗ, ಏರಿಕೆ ಐವತ್ತಕ್ಕೆ ಒಂದು, ಗಾಡಿಯನ್ನು ಮೇಲಕ್ಕೆ ತಳ್ಳಲು ಬ್ಯಾಂಕರ್ ಎಂಜಿನ್ನು. ಐವತ್ತಕ್ಕೆ ಒಂದೆಂದರೆ ನೂರಕ್ಕೆ ಎರಡು, ಹೆಚ್ಚುಕಮ್ಮಿ ನಮ್ಮದೇ, ಎಂದು ಒಬ್ಬರು ತಕ್ಷಣ ಲೆಕ್ಕ ಹಾಕಿದರು. ಸುರಂಗಗಳ ಸಂಖ್ಯೆಯನ್ನು ನನ್ನಿಂದ ಮತ್ತೆ ಹೇಳಿಸಿದರು. "ಅದರ ಮಾಡೆಲ್ ಯಾರೂ ಮಾಡಿಲ್ವಾ?"

ಭಾವ ಅದಕ್ಕೇ ಕಾದಿದ್ದವರಂತೆ ಶುರು ಮಾಡಿದರು. ಇಂಡಿಯಾದ ಬ್ರಾಡ್‌ಗೇಜ್ ಮಾಡೆಲ್ಲು ತಲೆನೋವು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಗೇಜು, ಅಂದರೆ ಎರಡು ಕಂಬಿಗಳ ನಡುವಿನ ಅಗಲ, 16.5 ಮಿಲಿಮೀಟರ್, ಅದು ಅಮೆರಿಕದ, ಯುರೋಪಿನ ಗೇಜಿಗೆ ಸರಿ. ನಮ್ಮ 1,676 ಮಿಲಿಮೀಟರಿಗೆ 19ಕ್ಕೂ ಮಿಕ್ಕಿ ಬೇಕು, ಕೈಯಲ್ಲೇ ಹಾಕಿಕೊಳ್ಳಬೇಕು. ಪುಣೆಯ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ 1998ರಿಂದ ಇದೆ, ಹಾಗಾಗಿ ನಮ್ಮಲ್ಲಿ ಈ ಹುಚ್ಚಿನವರೇ ಇಲ್ಲವೆನ್ನುವಂತಿಲ್ಲ, ಇತ್ಯಾದಿ.

"ಮೀಟರ್‌ಗೇಜ್ ಮಾಡಿ" ಎಂದರು ಕುರ್ಚಿಯವರು ಕೋಕ್ ಹೀರುತ್ತಾ. "12 ಮಿಲಿಮೀಟರ್ ಹಳಿ ಯುರೋಪಿನಲ್ಲಿ ರೆಡಿ ಸಿಗುತ್ತೆ. ನಿಮ್ಮ ಲೈನು ಯಾವತ್ತಾದ್ರೂ ಮೀಟರ್‌ಗೇಜ್ ಇತ್ತಾ?"

ಇತ್ತು. 1979ರಲ್ಲಿ ಈ ಘಾಟಿ ತೆರೆದದ್ದೇ ಮೀಟರ್‌ಗೇಜಾಗಿ. ಬ್ರಾಡ್‌ಗೇಜ್ ಆಗಿ ಮತ್ತೆ ಪ್ರಯಾಣಿಕರ ಗಾಡಿ ಓಡಿದ್ದು 2007ರ ಕೊನೆಗೆ. ಮೀಟರ್‌ಗೇಜಿನ ವೈಡಿಎಂ-4 ಡೀಸೆಲ್ಲು ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ ಎಂದಾಗ ಮೂವರೂ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಆಲ್ಕೊ ಎಂಜಿನ್ನಿನ ಕಪ್ಪು ಹೊಗೆಯ ಬಗ್ಗೆ ಅವರವರೇ ಹೇಳಿಕೊಳ್ಳತೊಡಗಿದರು. ನಮ್ಮನ್ನು ಮರೆತೇಬಿಟ್ಟರು.

ವಾಪಸು ಬರುವಾಗ ಕಾರಿನಲ್ಲಿ ಭಾವ ನಮ್ಮ ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನನ್ನು ಗ್ಯಾರೇಜಿನ ಯಾವ ಗೋಡೆಗೆ ಕೂರಿಸಬಹುದೆಂದು ಯೋಚಿಸುತ್ತಿದ್ದರು. ಒಂದು ಸೇತುವೆ ಬೇಕೇ ಬೇಕು, ಎರಡು ಸುರಂಗ, ಹಿಂದೆ ಕಾಡು. ಮಳೆ ಹೇಗೆ ತೋರಿಸುವುದು ಎಂಬಲ್ಲಿ ಸಿಕ್ಕಿಕೊಂಡಿದ್ದರು. "ನೀನು ಹೋದ್ಮೇಲೆ ಸ್ಟೇಷನ್ ಫೋಟೊ ಎಲ್ಲಾ ದಿಕ್ಕಿನಿಂದ ತೆಗೆದು ಕಳಿಸು ಮಾರಾಯ. ಒಂದು ಡಬ್ಬಿ ಕೆಂಪು ಮಣ್ಣೂ ಬೇಕಾಗುತ್ತೆ."

"ಮಣ್ಣು ವಿಮಾನದಲ್ಲಿ ಬಿಡಲ್ಲ ಭಾವ."

ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದ ಅಕ್ಕ ಕಣ್ಣು ಬಿಡದೆಯೇ ಹೇಳಿದಳು: "ಫೋಟೊ ಕಳ್ಸು, ಮಣ್ಣೂ ಹೆಂಗಾದ್ರೂ ಕಳ್ಸು. ಆದ್ರೆ ನನ್ನ ಕಾರು ಗ್ಯಾರೇಜಿನಿಂದ ಒಂದಿಂಚೂ ಆಚೆ ಹೋಗಲ್ಲ ಅಂತ ಈಗಲೇ ಅವರಿಗೆ ಹೇಳಿರು."