ಕೊರಕ ತಿಂದ ಮಾವಿನ ಗಿಡ: ಮಿರಗಕ್ಕಿಂತ ಮೊದಲು ತೋಪಿನಿಂದ ಹೊರಗೆ

ಬೀದರ್, ಹುಮನಾಬಾದ್, ಚಿಟಗುಪ್ಪ ಕಡೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಹತ್ತಿಪ್ಪತ್ತು ಹಳೇ ಮಾವಿನ ಗಿಡಗಳ ಸಣ್ಣ ತೋಪುಗಳಿವೆ. ಅಜ್ಜ ಮುತ್ತಜ್ಜರು ಹಚ್ಚಿದ ಗಿಡಗಳು, ಉಪ್ಪಿನಕಾಯಿಗೆ, ರಸಕ್ಕೆ, ನೆರಳಿಗೆ. ಇಂಥ ತೋಪಿನಲ್ಲಿ ಒಂದು ಗಿಡ ಮೇಲಿನಿಂದ ಒಣಗುತ್ತ ಬಂದು, ಬುಡದಲ್ಲಿ ಕಟ್ಟಿಗೆಯ ಪುಡಿ ಬಿದ್ದಿದ್ದರೆ ಅದು ಕಾಂಡ ಕೊರೆಯುವ ಹುಳುವಿನ ಕೆಲಸ. ಆಗ ಮನೆಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಹೆಂಗೂ ಸತ್ತದ, ಇರ್ಲಿ ಬಿಡು, ಬೇಕಾದಾಗ ಕಡದ್ರ ಆಯ್ತು.’ ಹಾಗೆ ಬಿಟ್ಟ ಗಿಡದಲ್ಲಿ ಕಟ್ಟಿಗೆಯೂ ಕೆಡುತ್ತದೆ, ಪಕ್ಕದ ಗಿಡಗಳಿಗೂ ಅದರಿಂದಲೇ ಹುಳು ಹೋಗುತ್ತದೆ. ಒಣಗಿದ ಮಾವನ್ನು ಯಾವಾಗ ಕಡಿಯಬೇಕು, ಯಾವುದನ್ನು ಮೊದಲು ಕಡಿಯಬೇಕು, ಕಡಿದದ್ದನ್ನು ಏನು ಮಾಡಬೇಕು ಎಂಬುದೇ ಈ ಬರಹ.

ಮೊದಲು ಹುಳುವಿನ ಲೆಕ್ಕ. ಇದರ ಶಾಸ್ತ್ರೀಯ ಹೆಸರು ಬಟೋಸೆರಾ ರುಫೋಮ್ಯಾಕುಲೇಟಾ. ದುಂಬಿ ಸುಮಾರು 5 ಸೆಂ.ಮೀ. ಉದ್ದ, ಬೂದು ಬಣ್ಣ, ಕತ್ತಿನ ಮೇಲೆ ಎರಡು ಕಿತ್ತಳೆಗೆಂಪು ಮಚ್ಚೆ, ಮೈಗಿಂತ ಉದ್ದನೆಯ ಮೀಸೆ. ಮಳೆಗಾಲ ಶುರುವಾದ ಮೇಲೆ ಹೊರಬಂದು, ಹೆಣ್ಣು ದುಂಬಿ ತೊಗಟೆಯನ್ನು ಕಚ್ಚಿ ಸೀಳು ಮಾಡಿ ಒಂದೊಂದೇ ಮೊಟ್ಟೆ ಇಡುತ್ತದೆ. ಗಾಯವಾದ ಜಾಗ, ಟ್ರ್ಯಾಕ್ಟರ್ ತಾಗಿ ಸುಲಿದ ಬುಡ, ಬಿರುಕುಬಿಟ್ಟ ಹಳೇ ತೊಗಟೆ ಎಂದರೆ ಅದಕ್ಕೆ ಇಷ್ಟ. ಮರಿಹುಳು ಮೊದಲು ತೊಗಟೆಯ ಕೆಳಗಿನ ಹಸಿ ಪದರ ತಿನ್ನುತ್ತದೆ, ಆಮೇಲೆ ಕಟ್ಟಿಗೆಯೊಳಗೆ ಇಳಿಯುತ್ತದೆ. ಬಲಿತಾಗ ಬೆರಳಿಗಿಂತ ದಪ್ಪ, 8ರಿಂದ 10 ಸೆಂ.ಮೀ. ಉದ್ದ, ಕೆನೆ ಬಣ್ಣ, ಕಾಲಿಲ್ಲ, ತಲೆ ಮಾತ್ರ ಕಪ್ಪುಗಂದು. ಅದು ಕೊರೆದ ಸುರಂಗ 2ರಿಂದ 3 ಸೆಂ.ಮೀ. ಅಗಲ ಇರುತ್ತದೆ. ಒಳಗೇ ಕೋಶವಾಗಿ, ಮುಂದಿನ ಮಳೆಗಾಲಕ್ಕೆ ದುಂಡನೆಯ ತೂತು ಕೊರೆದು ಹಾರಿಹೋಗುತ್ತದೆ.

ಗಿಡ ಕಡಿದು ಮಲಗಿಸಿದರೆ ಒಳಗಿನ ಬಲಿತ ಹುಳು ಸಾಯುವುದಿಲ್ಲ. ಹೊಲದ ಬದುವಿನಲ್ಲಿ ಬಿದ್ದ ದಿಮ್ಮಿಯೊಳಗೇ ಬೆಳವಣಿಗೆ ಮುಗಿಸಿ ಹೊರಬರುತ್ತದೆ. ಅದಕ್ಕೇ ಗಡುವು ಮಿರಗ, ಅಂದರೆ ಮೃಗಶಿರಾ ಮಳೆ ಶುರುವಾಗುವ ಹೊತ್ತು. ಜೂನ್ ಮೊದಲ ವಾರದೊಳಗೆ ದಿಮ್ಮಿ ಸಾಮಿಲ್ಲಿನಲ್ಲಿ ಸೀಳಿರಬೇಕು, ಇಲ್ಲವೇ ಒಲೆಗೆ, ಭಟ್ಟಿಗೆ ಹೋಗಿರಬೇಕು. ತೊಗರಿ ರಾಶಿ ಮುಗಿದು ಆಳು, ಟ್ರ್ಯಾಕ್ಟರ್ ಬಿಡುವಾಗುವ ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಕಡಿಯಲು ಒಳ್ಳೆಯ ಕಾಲ. ಹಲಗೆ ಒಣಗಲು ಮುಂದೆ ಪೂರ್ತಿ ಬೇಸಿಗೆ ಸಿಗುತ್ತದೆ. ಏಪ್ರಿಲ್‌ಗೆ ತಳ್ಳಿದರೆ ಪಕ್ಕದ ಗಿಡಗಳಲ್ಲಿ ಕಾಯಿ ತುಂಬಿರುತ್ತದೆ. ಬೀಳುವ ಗಿಡ ಅವನ್ನೂ ಉದುರಿಸುತ್ತದೆ.

ಎಲ್ಲರೂ ತಪ್ಪುವುದು ಯಾವ ಗಿಡ ಮೊದಲು ಎಂಬಲ್ಲಿ. ಪೂರ್ತಿ ಒಣಗಿ, ತೊಗಟೆ ಕಳಚಿ, ಬೆಳ್ಳಗಾಗಿ ನಿಂತ ಗಿಡವೇ ಕಣ್ಣಿಗೆ ಬೀಳುವುದರಿಂದ ಅದಕ್ಕೇ ಮೊದಲು ಕೊಡಲಿ ಹಾಕುತ್ತಾರೆ. ಅದರ ಕಾಂಡದ ಮೇಲೆ ಬೆರಳು ತೂರುವಷ್ಟು ದುಂಡನೆಯ ತೂತುಗಳು ಹಳೆಯದಾಗಿ ಕಪ್ಪಾಗಿದ್ದರೆ ಹೆಚ್ಚಿನ ದುಂಬಿಗಳು ಆಗಲೇ ಹೋಗಿಬಿಟ್ಟಿವೆ. ಅದು ಇನ್ನೊಂದು ತಿಂಗಳು ಕಾದರೆ ತೋಪಿಗೆ ದೊಡ್ಡ ನಷ್ಟವಿಲ್ಲ. ಅವಸರ ಇರುವುದು ಅರ್ಧ ಜೀವದ ಗಿಡಕ್ಕೆ: ಒಂದೆರಡು ಕೊಂಬೆಯಲ್ಲಿ ಎಲೆ ಇದೆ, ಉಳಿದದ್ದು ಕಂದಾಗಿದೆ, ತೂತಿನಿಂದ ಒದ್ದೆ ನಾರಿನಂಥ ಪುಡಿ ಬೀಳುತ್ತಿದೆ, ಅಂಟು ಒಸರಿದೆ. ಹುಳು ತುಂಬಿರುವುದು ಇದರಲ್ಲಿ. ಕಟ್ಟಿಗೆ ಗಟ್ಟಿಯಾಗಿ ಉಳಿದಿರುವುದೂ ಇದರಲ್ಲೇ. ಚಾಕುವಿನಿಂದ ಬುಡದ ಸುತ್ತ ನಾಲ್ಕು ಕಡೆ ತೊಗಟೆ ಕೆರೆದು ನೋಡಿ. ನಾಲ್ಕೂ ಕಡೆ ಕಂದಾಗಿದ್ದರೆ ಆಸೆ ಬಿಡಿ. ಅರ್ಧಕ್ಕಿಂತ ಹೆಚ್ಚು ಸುತ್ತಳತೆಯಲ್ಲಿ ಹಸಿರು ಪದರ ಇದ್ದು, ತಾಜಾ ತೂತು ಎರಡೋ ಮೂರೋ ಆಗಿದ್ದರೆ ಆ ಗಿಡವನ್ನು ಉಳಿಸಿಕೊಳ್ಳಬಹುದು, ಅದನ್ನು ಕೊನೆಗೆ ಹೇಳುತ್ತೇನೆ.

ಕಡಿಯುವ ಮೊದಲು ಕಾಗದದ ಕೆಲಸ ಮುಗಿಸಿ. ಸ್ವಂತ ಹೊಲದ ಗಿಡವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಆ ಪಟ್ಟಿ ತಿದ್ದುಪಡಿಯಾಗುತ್ತ ಬಂದಿದೆ. ಆದ್ದರಿಂದ ನಿಮ್ಮ ಗಿಡಕ್ಕೆ ಈಗ ಅನುಮತಿ ಬೇಕೇ, ಸಾಗಿಸಲು ಪಾಸ್ ಬೇಕೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಪಹಣಿ, ಗಿಡದ ಫೋಟೊ, ಸುತ್ತಳತೆ ಜೊತೆಗಿರಲಿ. ಒಣಗಿದ, ರೋಗ ಬಿದ್ದ ಗಿಡ ಎಂಬುದು ಅನುಮತಿಗೆ ಕಾಯ್ದೆಯೇ ಒಪ್ಪಿದ ಕಾರಣ. ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ. ಕರೆಂಟ್ ತಂತಿ ಹತ್ತಿರವಿದ್ದರೆ ಜೆಸ್ಕಾಂ ಲೈನ್‌ಮನ್ ಬಂದು ಲೈನ್ ಬಂದ್ ಮಾಡುವವರೆಗೆ ಗರಗಸ ಹಚ್ಚಬೇಡಿ.

ಸತ್ತ ಗಿಡ ಕಡಿಯುವುದು ಜೀವಂತ ಗಿಡ ಕಡಿದಷ್ಟು ಸಲೀಸಲ್ಲ. ಜೀವಂತ ಗಿಡದ ನಾರು ಬಾಗುತ್ತದೆ, ಬೀಳುವ ದಿಕ್ಕನ್ನು ಹಿಡಿದುಕೊಳ್ಳುತ್ತದೆ. ಒಣ ನಾರು ಪಟ್ಟನೆ ಮುರಿಯುತ್ತದೆ. ಸುತ್ತ ನಡೆದು ಕೊಡಲಿಯ ಹಿಂಭಾಗದಿಂದ ಬುಡ ಬಡಿಯಿರಿ. ಟೊಳ್ಳು ಸದ್ದು ಬಂದರೆ, ಬುಡದ ದಪ್ಪದ ಮೂರನೇ ಒಂದರಷ್ಟು ಒಳಗೆ ಪೊಳ್ಳಾಗಿದೆ ಎನಿಸಿದರೆ, ಬುಡದಿಂದ ಕಡಿಯುವ ವಿಚಾರ ಬಿಡಿ. ಕ್ರೇನ್ ಇಲ್ಲವೇ ಜೆಸಿಬಿ ತರಿಸಿ. ಅಂಥ ಗಿಡಕ್ಕೆ ಏಣಿ ಹಚ್ಚಿ ಆಳನ್ನು ಹತ್ತಿಸುವುದಂತೂ ಬೇಡವೇ ಬೇಡ. ಮೇಲೆ ಮುರಿದು ಸಿಕ್ಕಿಕೊಂಡ ಒಣ ಕೊಂಬೆ ಇದ್ದರೆ ಹಗ್ಗ ಎಸೆದು ಮೊದಲೇ ಕೆಳಗಿಳಿಸಿ. ಗರಗಸದ ನಡುಕಕ್ಕೇ ಅವು ತಲೆ ಮೇಲೆ ಬೀಳುತ್ತವೆ. ಜೇನು ಇದೆಯೇ ಎಂದೂ ನೋಡಿ.

ಬುಡ ಗಟ್ಟಿ ಇದ್ದರೆ ಕ್ರಮ ಹೀಗೆ. ಗಿಡದ ಎತ್ತರದ ಎರಡು ಪಟ್ಟು ದೂರದವರೆಗೆ ಜನ, ದನ ಇರಬಾರದು. ಬೀಳಬೇಕಾದ ಕಡೆ ಬಾಯಿ ತೆರೆದಂತೆ ಕಚ್ಚು ಹಾಕಿ, ಆಳ ಬುಡದ ದಪ್ಪದ ಐದನೇ ಒಂದು ಭಾಗ. ಹಿಂದಿನ ಕೊಯ್ತ ಆ ಕಚ್ಚಿನ ಮಟ್ಟಕ್ಕಿಂತ ಒಂದೆರಡು ಇಂಚು ಮೇಲೆ ಬರಲಿ. ಎರಡರ ನಡುವೆ ದಪ್ಪದ ಹತ್ತನೇ ಒಂದು ಭಾಗವನ್ನು ಕೊಯ್ಯದೆ ಬಿಡಬೇಕು. ಗಿಡವನ್ನು ದಿಕ್ಕಿಗೆ ತಿರುಗಿಸುವುದು ಅದೇ ಪಟ್ಟಿ. ಹುಳು ತಿಂದ ಬುಡದಲ್ಲಿ ಆ ಪಟ್ಟಿಯಲ್ಲೇ ಸುರಂಗ ಹಾದಿರಬಹುದು, ಹಾಗಾಗಿ ಅದನ್ನು ಇನ್ನಷ್ಟು ದಪ್ಪ ಬಿಡಿ, ಹಗ್ಗ ಕಟ್ಟಿ ಎಳೆಯಿರಿ. ಗಾಳಿ ಬೀಸುವ ದಿನ ಕೆಲಸ ಬೇಡ. ಚೈನ್‌ಸಾಗೆ 16ರಿಂದ 18 ಇಂಚಿನ ಬಾರ್ ಸಾಕು. 2ಟಿ ಆಯಿಲ್ 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಬುಡದ ತೊಗಟೆಗೆ ಮೆತ್ತಿದ ಮಣ್ಣನ್ನು ಮೊದಲು ಕೆರೆದು ತೆಗೆಯಿರಿ, ಚೈನ್ ಮೊಂಡಾಗುವುದು ಕಟ್ಟಿಗೆಗಿಂತ ಆ ಮಣ್ಣಿನಿಂದ. ಮಾವಿನ ಸೊನೆ, ಗರಗಸದ ಪುಡಿ ಎರಡೂ ಕೆಲವರಿಗೆ ಮೈಯೆಲ್ಲ ತುರಿಕೆ ಎಬ್ಬಿಸುತ್ತವೆ. ತುಂಬುತೋಳಿನ ಅಂಗಿ, ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ಬಿದ್ದ ಗಿಡವನ್ನು ಅಳೆಯುವುದಕ್ಕೆ ಇಲ್ಲಿ ನಡೆಯುವ ಲೆಕ್ಕ ಸುತ್ತಳತೆಯ ಕಾಲು ಭಾಗದ್ದು. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು 4ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿನ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. 48 ಇಂಚು ಸುತ್ತಳತೆ, 8 ಅಡಿ ಉದ್ದದ ದಿಮ್ಮಿ ಅಂದರೆ 12 ಗುಣಿಲೆ 12 ಗುಣಿಲೆ 8, ಭಾಗಿಲೆ 144: 8 ಸಿಎಫ್‌ಟಿ, ಅಂದರೆ ಘನ ಅಡಿ. ಈ ಲೆಕ್ಕ ನಿಜವಾದ ಗಾತ್ರದ ಸುಮಾರು ಶೇ 78ರಷ್ಟನ್ನೇ ಹಿಡಿಯುತ್ತದೆ. ಸೀಳುವಾಗ ಹೋಗುವ ಹೊರಮೈ ಅದರಲ್ಲೇ ಕಳೆದಿರುತ್ತದೆ. ಅದರ ಮೇಲೆ ‘ಹುಳ ತಿಂದದ’ ಎಂದು ವ್ಯಾಪಾರಿ ಇನ್ನೂ ಕಡಿತ ಕೇಳುತ್ತಾನೆ. ದಿಮ್ಮಿಯ ಎರಡೂ ತುದಿಯನ್ನು ಹೊಸದಾಗಿ ಕೊಯ್ದು, ಎಷ್ಟು ಸುರಂಗ ಕಾಣುತ್ತದೆ ಎಂದು ಎದುರಿಗೇ ತೋರಿಸಿ ಮಾತಾಡಿ. ನಿಂತ ಗಿಡವನ್ನೇ ಇಡಿಯಾಗಿ ಗುತ್ತಿಗೆ ಕೊಡುವುದಾದರೆ ಒಂದು ಷರತ್ತು ಬರೆಸಿಕೊಳ್ಳಿ: ಮುಂಗೈ ದಪ್ಪಕ್ಕಿಂತ ಮೇಲಿನ ಎಲ್ಲ ಕೊಂಬೆ, ಬುಡದ ತುಂಡು ಸಹಿತ, ಇಂಥ ತಾರೀಖಿನೊಳಗೆ ಹೊಲದಿಂದ ಹೋಗಬೇಕು. ಷರತ್ತಿಲ್ಲದಿದ್ದರೆ ಒಳ್ಳೆಯ ಕಾಂಡ ಟ್ರ್ಯಾಲಿ ಹತ್ತುತ್ತದೆ, ಹುಳು ತುಂಬಿದ ಕೊಂಬೆ ನಿಮ್ಮ ಬದುವಿನಲ್ಲೇ ಉಳಿಯುತ್ತದೆ.

ಯಾವುದು ಹಲಗೆಗೆ, ಯಾವುದು ಉರುವಲಿಗೆ? ತುದಿಯ ಕೊಯ್ತದಲ್ಲಿ ಚಾಕು ಚುಚ್ಚಿದರೆ ಮೆತ್ತಗೆ ಇಳಿಯುವ ಕಟ್ಟಿಗೆ ಕೊಳೆತದ್ದು, ಉರುವಲಿಗೂ ಕಡಿಮೆ ದರ್ಜೆ. ನೀಲಿ ಬೂದು ಬಣ್ಣದ ಪಟ್ಟೆ ಇದ್ದು ಗಟ್ಟಿ ಇದ್ದರೆ ಅದು ಬೂಷ್ಟಿನ ಬಣ್ಣ ಅಷ್ಟೇ, ಬಲ ಕಡಿಮೆಯಾಗಿರುವುದಿಲ್ಲ. ಕಪ್ಪು ನೀಲಿ ಕಲೆ ಒಂದೇ ಜಾಗದಲ್ಲಿ ಗೆರೆಯಾಗಿ ಇಳಿದಿದ್ದರೆ ಒಳಗೆ ಮೊಳೆ ಇದೆ ಎಂದು ತಿಳಿಯಿರಿ. ಬೇಲಿ ತಂತಿ ಬಿಗಿದ, ಜೋಕಾಲಿ ಕಟ್ಟಿದ ಗಿಡಗಳಲ್ಲಿ ಇದು ಇದ್ದೇ ಇರುತ್ತದೆ. ಆ ತುಂಡನ್ನು ಸಾಮಿಲ್ಲಿಗೆ ಒಯ್ಯಬೇಡಿ, ಪಟ್ಟಿ ಗರಗಸದ ಹಲ್ಲು ಹೋಗುತ್ತದೆ.

ಸೀಳಿಸುವಾಗ ಸಾಮಿಲ್ ಮೇಸ್ತ್ರಿಗೆ ಹೇಳಬೇಕಾದ ಮಾತು: ತೂತು ಹೆಚ್ಚಿರುವ ಮಗ್ಗುಲನ್ನು ಒಂದೇ ಕಡೆಗೆ ತಿರುಗಿಸಿ ಹಿಡಿಯಿರಿ. ಹಾಗೆ ಮಾಡಿದರೆ ಹಾಳಾದದ್ದು ಎರಡು ಮೂರು ಹಲಗೆಗಳಲ್ಲೇ ಮುಗಿಯುತ್ತದೆ, ಉಳಿದವು ಚೊಕ್ಕ ಬರುತ್ತವೆ. ಎಂಟಡಿ ಹಲಗೆಯ ಹಟ ಬೇಡ. ಸುರಂಗಗಳ ನಡುವೆ ಎರಡೂವರೆ ಮೂರು ಅಡಿಯ ಒಳ್ಳೆಯ ತುಂಡುಗಳು ಸಿಗುತ್ತವೆ. ಸ್ಟೂಲು, ಮಣೆ, ಪೆಟ್ಟಿಗೆ, ಕಪಾಟಿನ ಒಳಹಲಗೆಗೆ ಅದೇ ಸಾಕು. ಮುಗಿದ ದಪ್ಪ 1 ಇಂಚು ಬೇಕಾದರೆ ಒಂದೂಕಾಲು ಇಂಚು ಸೀಳಿಸಿ, ಒಣಗುವಾಗ ಕುಗ್ಗುತ್ತದೆ, ರಂದಾ ಹೊಡೆಯುವಾಗ ಸವೆಯುತ್ತದೆ. ನಟ್ಟನಡುವಿನ ತಿರುಳು ಯಾವ ಹಲಗೆಯಲ್ಲೂ ಉಳಿಯದಿರಲಿ, ಬಿರುಕು ಅಲ್ಲಿಂದಲೇ ಶುರು. ಮಾವನ್ನು ಬಾಗಿಲ ಚೌಕಟ್ಟಿಗೆ, ಮಣ್ಣು ಮಳೆ ತಾಗುವ ಜಾಗಕ್ಕೆ ಬಳಸಬೇಡಿ.

ಹುಳು ತಿಂದ ಕಟ್ಟಿಗೆಗೆ ಎರಡನೇ ಗಂಡಾಂತರ ಸೀಳಿದ ಮೇಲೆ ಬರುತ್ತದೆ. ಒಣಹಲಗೆಗೆ ಬೀಳುವ ಬೇರೆ ಸಣ್ಣ ದುಂಬಿಗಳಿವೆ, ಸೂಜಿಯಷ್ಟು ತೂತು ಮಾಡಿ ಹಿಟ್ಟಿನಂಥ ಪುಡಿ ಉದುರಿಸುತ್ತವೆ. ಕಟ್ಟಿಗೆಯಲ್ಲಿನ ಪಿಷ್ಟ ಅವುಗಳ ಆಹಾರ. ಮಾವಿನಲ್ಲಿ ಸಾಗವಾನಿಯಂತೆ ಹುಳು ಮುಟ್ಟದ ಚೇಗು (ಒಳಗಿನ ಗಟ್ಟಿ ಕಟ್ಟಿಗೆ) ಇಲ್ಲ, ಹೊರಗಿನಿಂದ ಒಳಗಿನವರೆಗೆ ಎಲ್ಲವೂ ತಿನ್ನುವಂಥದ್ದೇ. ಇದಕ್ಕೆ ಕೈಗೆಟುಕುವ ಉಪಾಯ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್. 100 ಲೀಟರ್ ನೀರಿಗೆ ಬೋರಾಕ್ಸ್ 6 ಕೆ.ಜಿ., ಬೋರಿಕ್ ಆ್ಯಸಿಡ್ 4 ಕೆ.ಜಿ. ಸ್ವಲ್ಪ ಬಿಸಿನೀರಿನಲ್ಲಿ ಎರಡನ್ನೂ ಒಟ್ಟಿಗೆ ಕದಡಿ ಆಮೇಲೆ ಉಳಿದ ನೀರು ಸೇರಿಸಿ. 200 ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡೂಮುಕ್ಕಾಲು ಅಡಿಯೊಳಗಿನ ತುಂಡುಗಳಿಗೆ ತೊಟ್ಟಿ ಸಿದ್ಧ. ಹಲಗೆ ತೇಲುತ್ತದೆ, ಮೇಲೆ ಕಲ್ಲು ಹೇರಿ ಒಂದು ರಾತ್ರಿ ಮುಳುಗಿಸಿಡಿ. ತೆಗೆದ ಮೇಲೆ ಒಣಗಿಸಬೇಡಿ. ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ತಾಡಪತ್ರೆ ಬಿಗಿಯಾಗಿ ಮುಚ್ಚಿ, ಮೂರು ವಾರ ನೆರಳಲ್ಲಿಡಿ. ಔಷಧ ಒಳಗಿಳಿಯುವುದು ಈ ಮೂರು ವಾರದಲ್ಲಿ, ಅದೂ ಕಟ್ಟಿಗೆಯೊಳಗೆ ನೀರಿನಂಶ ಇದ್ದರೆ ಮಾತ್ರ. ವರ್ಷಗಟ್ಟಲೆ ನಿಂತು ಒಣಗಿದ ಗಿಡದ ಹಲಗೆಯಲ್ಲಿ ಅದು ಮೇಲ್ಮೈಯಲ್ಲೇ ನಿಲ್ಲುತ್ತದೆ. ಅರ್ಧ ಜೀವದ ಗಿಡವನ್ನು ಮೊದಲು ಕಡಿಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಉಳಿದ ದ್ರಾವಣವನ್ನು ಗಿಡಗಳ ಬುಡಕ್ಕೆ ಚೆಲ್ಲಬೇಡಿ, ಬೋರಾನ್ ಹೆಚ್ಚಾದರೆ ಬೆಳೆ ಸುಡುತ್ತದೆ. ದನಗಳು ಕುಡಿಯದಂತೆಯೂ ನೋಡಿಕೊಳ್ಳಿ. ಮಳೆನೀರಿಗೆ ಈ ಔಷಧ ತೊಳೆದುಹೋಗುತ್ತದೆ, ಆದ್ದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ.

ಮೂರು ವಾರದ ಮೇಲೆ ಅಟ್ಟಿ ಹಾಕಿ. ನೆಲದಿಂದ ಒಂದೂವರೆ ಅಡಿ ಎತ್ತರ, ಪ್ರತಿ ಸಾಲಿನ ನಡುವೆ 1 ಇಂಚಿನ ಒಣ ಪಟ್ಟಿಗಳು, ಪಟ್ಟಿಯಿಂದ ಪಟ್ಟಿಗೆ ಒಂದೂವರೆ ಅಡಿ. ಮೇಲಿನ ಸಾಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟಾಗುತ್ತದೆ. ನಮ್ಮ ಕಡೆ ಕಟ್ಟಿಗೆ ಒಣಗದು ಎಂಬ ಚಿಂತೆ ಇಲ್ಲ, ಬೇಗ ಒಣಗಿ ಬಿರಿಯುವುದೇ ಚಿಂತೆ. 40 ಡಿಗ್ರಿ ದಾಟಿದ ಏಪ್ರಿಲ್ ಬಿಸಿಗಾಳಿಗೆ ತುದಿಗಳು ಸೀಳುತ್ತವೆ. ತುದಿಗೆ ಹಳೇ ಪೇಂಟ್ ಬಳಿಯಿರಿ, ಗಾಳಿ ಬರುವ ಕಡೆ ಗೋಣಿತಟ್ಟು ಇಳಿಬಿಡಿ. ಒಂದು ಹಲಗೆಗೆ ಗುರುತು ಹಾಕಿ ಹತ್ತು ದಿನಕ್ಕೊಮ್ಮೆ ತೂಗಿ. ಎರಡು ಸಲ ತೂಕ ಒಂದೇ ಬಂದರೆ ಒಣಗಿದೆ.

ಈಗ ಯಾರೂ ಲಕ್ಷ್ಯ ಕೊಡದ ಬುಡ. ಹುಳು ಕಾಂಡದ ಕೆಳಭಾಗದಲ್ಲಿ, ಬೇರಿನ ಕತ್ತಿನಲ್ಲೂ ಇರುತ್ತದೆ, ಎರಡಡಿ ಮೋಟು ಬಿಟ್ಟರೆ ಅದರಲ್ಲೇ ಉಳಿದುಕೊಳ್ಳುತ್ತದೆ. ಜೆಸಿಬಿ ಬಂದಾಗಲೇ ಕೀಳಿಸಿ. ಆಗದಿದ್ದರೆ ನೆಲಮಟ್ಟಕ್ಕೆ ಕೊಯ್ದು, ತೊಗಟೆ ಸುಲಿದು, ಸುರಂಗ ಸಿಕ್ಕಲ್ಲೆಲ್ಲ ಕೊಡಲಿಯಿಂದ ಸೀಳಿ ಹುಳು ತೆಗೆಯಿರಿ. ಸುಲಿದ ತೊಗಟೆ, ಸಾಮಿಲ್ಲಿನ ಹೊರಸೀಳು, ಸಣ್ಣ ಕೊಂಬೆಗಳನ್ನು ಮೊದಲು ಒಲೆಗೆ ಹಾಕಿ ಮುಗಿಸಿ, ತೊಗರಿ ಕಟ್ಟಿಗೆ ಆಮೇಲೂ ಉರಿದೀತು.

ಬದುವಿನ ಜಾಲಿಗೂ ಇಂಥದೇ ಇನ್ನೊಂದು ಕೊರಕ ಬೀಳುತ್ತದೆ, ಅಲ್ಲೂ ದಿಮ್ಮಿಯನ್ನು ಮಳೆಗಾಲಕ್ಕೆ ಬಿಡಬಾರದು ಎಂಬ ನಿಯಮವೇ. ಜಾಲಿಯ ಚೇಗು ಮಾತ್ರ ಗಟ್ಟಿ. ಕುಂಟೆ, ಕೂರಿಗೆಗೆ ಬೇಕಾದ ತುಂಡು ಹುಳು ತಿಂದ ಗಿಡದಲ್ಲೂ ಸಿಗುತ್ತದೆ.

ಉಳಿಸಿಕೊಳ್ಳಬಹುದಾದ ಗಿಡಕ್ಕೆ ಸೈಕಲ್ ಕಡ್ಡಿಯ ತುದಿಯನ್ನು ಕೊಕ್ಕೆ ಮಾಡಿ ತಾಜಾ ಪುಡಿ ಬೀಳುವ ತೂತಿಗೆ ಹಾಕಿ ಹುಳುವನ್ನು ಎಳೆಯಿರಿ. ಸಿಗದಿದ್ದರೆ ಪುಡಿಯನ್ನೆಲ್ಲ ಕೆದಕಿ ತೆಗೆದು, ಪೆಟ್ರೋಲ್ ಅದ್ದಿದ ಹತ್ತಿ ತುರುಕಿ, ಜಿಗುಟು ಮಣ್ಣಿನಿಂದ ತೂತು ಮೆತ್ತಿ. ಹತ್ತಿರ ಬೀಡಿ, ಬೆಂಕಿ ಇರಬಾರದು. ಒಂದು ವಾರದ ಮೇಲೆ ಹೊಸ ಪುಡಿ ಬಿದ್ದಿದ್ದರೆ ಮತ್ತೆ ಮಾಡಬೇಕು. ಹಳೇ ಪುಸ್ತಿಕೆಗಳಲ್ಲಿ ಬರೆದಿರುವ ಡೈಕ್ಲೋರ್‌ವಾಸ್ ಈಗ ಭಾರತದಲ್ಲಿ ನಿಷಿದ್ಧ, ಅಂಗಡಿಯವ ಕೊಟ್ಟರೂ ತರಬೇಡಿ. ಗಾಯಗಳಿಗೆ ಬೋರ್ಡೊ ಮುಲಾಮು: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 10 ಲೀಟರ್; ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ ಆಮೇಲೆ ಕೂಡಿಸಿ, ಕಾಂಡಕ್ಕೆ ಮೂರಡಿ ಎತ್ತರದವರೆಗೆ ಬಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೋಪಿನ ಪ್ರತಿ ಗಿಡದ ಬುಡ ನೋಡಿ. ತೊಗಟೆಯಲ್ಲಿ ಹೊಸ ಸೀಳು, ಅಂಟು ಒಸರಿದ ಗುರುತು ಕಂಡ ಜಾಗವನ್ನು ಚಾಕುವಿನಿಂದ ಕೆರೆದರೆ ಮೊಟ್ಟೆ, ಮರಿಹುಳು ಅಲ್ಲೇ ಸಿಗುತ್ತವೆ. ರಾತ್ರಿ ಬ್ಯಾಟರಿ ಹಿಡಿದು ಹೋದರೆ ದುಂಬಿ ಕಾಂಡದ ಮೇಲೇ ಕೂತಿರುವುದೂ ಉಂಟು. ಕೈಯಿಂದ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗೆ ಹಾಕಿ.