ಏಪ್ರಿಲ್ ಸೆಕೆಯಲ್ಲಿ ಕುಶಾಲನಗರದಿಂದ ಪಣಂಬೂರಿಗೆ ಲೋಡ್ ಹೊತ್ತು

ಹೋದ ಏಪ್ರಿಲ್‌ನಲ್ಲಿ ಕುಶಾಲನಗರದಿಂದ ಲಾರಿಯಲ್ಲಿ ಕಾಫಿ ಮೂಟೆ ತುಂಬಿಕೊಂಡು ಮಂಗಳೂರು ಹತ್ತಿರದ ಪಣಂಬೂರಿನ ಒಂದು ಗೋದಾಮಿಗೆ ಹೋಗಿ ಬಂದೆ. ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್ ದಾರಿ. ಸುಮಾರು 170 ಕಿಲೋಮೀಟರ್. ದೂರ ಏನೂ ಜಾಸ್ತಿ ಅಲ್ಲ. ಆದರೆ ಬೇಸಿಗೆಯಲ್ಲಿ ಈ ದಾರಿ ನಮ್ಮಂಥ ಕೊಡಗಿನ ಡ್ರೈವರ್‌ಗಳಿಗೆ ಮೋಸ ಮಾಡುತ್ತದೆ. ಮಡಿಕೇರಿ ಇರುವುದು 1,100 ಮೀಟರಿಗಿಂತ ಎತ್ತರದಲ್ಲಿ. ಬೆಳಗಿನ ಜಾವ ಅಲ್ಲಿ ಸ್ವೆಟರ್ ಹಾಕಿಕೊಂಡೇ ಸ್ಟೇರಿಂಗ್ ಹಿಡಿದಿರುತ್ತೇವೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಸುಳ್ಯದ ಸೆಕೆಯಲ್ಲಿ ಕೂತಿರುತ್ತೇವೆ. ಮೈ ಸೆಕೆಗೆ ಒಗ್ಗಿಕೊಳ್ಳೋಕೆ ಒಂದೆರಡು ವಾರವಾದರೂ ಬೇಕು. ನಮಗೆ ಸಿಗುವುದು ಎರಡೇ ಗಂಟೆ.

ನಾವು ಹೊರಟಿದ್ದು ಬೆಳಿಗ್ಗೆ ನಾಲ್ಕಕ್ಕೆ. ನೀವೂ ಹಾಗೇ ಮಾಡಿ, ಬಿಸಿಲೇರುವ ಮೊದಲು ಘಾಟಿ ಮುಗಿದಿರುತ್ತದೆ. ಟೈರ್ ಗಾಳಿ ಹೊರಡುವ ಮುಂಚೆಯೇ, ಟೈರ್ ತಣ್ಣಗಿರುವಾಗಲೇ ನೋಡಿ. ಓಡಿ ಬಿಸಿಯಾದ ಮೇಲೆ ಗಾಳಿ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಮ್ಮಿಯಾಗುತ್ತದೆ. ಕಮ್ಮಿ ಗಾಳಿಯಲ್ಲಿ ಲೋಡ್ ಹೊತ್ತ ಟೈರ್ ಬೇಗ ಕಾದು ಸಿಡಿಯುತ್ತದೆ.

ತಾಳತ್ತಮನೆ ದಾಟಿದ ಮೇಲೆ ಮದೆನಾಡು, ಜೋಡುಪಾಲ, ಕೊಯನಾಡು, ಎಲ್ಲಾ ಇಳಿಜಾರು. ಆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾತೇ ಬೇಡ. ಕಡಿಮೆ ಗೇರ್, ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್, ಆಮೇಲೆ ಕಾಲಿನ ಬ್ರೇಕ್. ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು ಅಂದ್ರೆ ಅಗಲ ಇರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಬ್ರೇಕ್ ಡ್ರಮ್ ತಾನಾಗಿ ಆರುವ ತನಕ ಕಾಯಿರಿ. ಬಕೆಟ್ ನೀರು ಸುರಿಯೋರನ್ನು ನೋಡಿದ್ದೇನೆ. ಕಾದ ಡ್ರಮ್ ಬಿರುಕು ಬಿಡುತ್ತದೆ, ದಯವಿಟ್ಟು ಬೇಡ. ರೇಡಿಯೇಟರ್ ಮುಚ್ಚಳಕ್ಕೂ ಅಷ್ಟೇ, ಬಿಸಿ ಇರುವಾಗ ಕೈ ಹಾಕಬೇಡಿ. ಇನ್ನು ಕಾಫಿ ಹೂವಿನ ಮಳೆ (ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮಳೆ) ಸುಮ್ನೆ ನಾಲ್ಕು ಹನಿ ಬಿದ್ದು ಹೋಗಿದ್ದರೂ ರಸ್ತೆಯ ಧೂಳು, ಆಯಿಲ್ ಎಲ್ಲ ಸೇರಿ ತಿರುವುಗಳು ಜಾರುತ್ತವೆ.

ಅರಂತೋಡು ಹತ್ತಿರ ಬರುವಾಗ ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ನಮ್ಮಲ್ಲಿ ಬೆವರು ಬಂದರೂ ಗಾಳಿಗೆ ಆರುತ್ತದೆ, ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲೇ ನೀರಿನ ಪಸೆ ಇರುವುದರಿಂದ ಬೆವರು ಆರುವುದೇ ಇಲ್ಲ. ಸುಮ್ಮನೆ ಇಳಿಯುತ್ತಾ ಇರುತ್ತದೆ, ಮೈಯ ಬಿಸಿ ಒಳಗೇ ಉಳಿಯುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ, ಒಳ್ಳೇದಾಯ್ತು. ನಮ್ಮದು ಹಳೇ ಗಾಡಿ. ಎಂಜಿನ್ ಶಾಖ ಕಾಲಿಗೇ ಹೊಡೆಯುತ್ತದೆ.

ಗೋದಾಮು ಮುಟ್ಟಿದ್ದು ಹತ್ತೂವರೆಗೆ. ಅಲ್ಲಿ ಕಾಯಿಸಿದರು ನೋಡಿ, ಮೂರು ಗಂಟೆ! ಗೇಟಿನ ಹೊರಗೆ ಲಾರಿ ಸಾಲು, ತಲೆ ಮೇಲೆ ಬಿಸಿಲು, ಒಂದು ನೆರಳಿಲ್ಲ. ಓಡುತ್ತಿದ್ದರೆ ಕಿಟಕಿಯಿಂದ ಗಾಳಿಯಾದರೂ ಬರುತ್ತದೆ. ನಿಂತ ಲಾರಿಯ ಕ್ಯಾಬಿನ್ ಒಲೆಯೇ. ಈ ಪ್ರಯಾಣದಲ್ಲಿ ಅಪಾಯ ಇರುವುದು ಘಾಟಿಗಿಂತ ಇಲ್ಲಿ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಕ್ಲೀನರ್ ಹುಡುಗ ಸೋಮವಾರಪೇಟೆ ಕಡೆಯವನು. ಬೆಳಿಗ್ಗೆಯಿಂದ ಎರಡು ಟೀ ಬಿಟ್ಟರೆ ಏನೂ ಕುಡಿದಿರಲಿಲ್ಲ. "ನೀರು ಕುಡಿದ್ರೆ ಪದೇ ಪದೇ ಗಾಡಿ ನಿಲ್ಲಿಸ್ಬೇಕಲ್ಲಣ್ಣಾ" ಅಂದ. ನಾವೇ ಕಲಿಸಿದ ಬುದ್ಧಿ ಅದು, ಬೇಜಾರಾಯ್ತು. ಟರ್ಪಾಲಿನ ಹಗ್ಗ ಬಿಚ್ಚೋಕೆ ಮೇಲೆ ಹತ್ತಿದವನು ಅಲ್ಲೇ ಕೂತುಬಿಟ್ಟ. ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತ್ತು. ಇಳಿಸಿದ ಮೇಲೆ ವಾಂತಿ ಮಾಡಿದ, ತಲೆ ಸಿಡಿಯುತ್ತೆ ಅಂದ. ರಸ್ತೆಯಾಚೆ ಒಂದು ಮರದ ಕೆಳಗೆ ಮಲಗಿಸಿದೆ. ಅಂಗಿ ಬಿಚ್ಚಿ, ಟವೆಲ್ ಒದ್ದೆ ಮಾಡಿ ಕುತ್ತಿಗೆಗೂ ಕಂಕುಳಿಗೂ ಒತ್ತಿದೆ. ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಒಂದು ಗಂಟೆಯಾದ ಮೇಲೆ ಎದ್ದು ಕೂತ. ಪುಣ್ಯಕ್ಕೆ ಮಾತು ಸರಿಯಾಗಿತ್ತು. ಮಾತು ತೊದಲಿದರೆ, ಗಲಿಬಿಲಿಯಾದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಆಗ ಬಾಯಿಗೆ ನೀರು ಹಾಕಬಾರದು. ತಕ್ಷಣ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಮೈಮೇಲೆ ನೀರು ಹಾಕುತ್ತಾ ಗಾಳಿ ಬೀಸುತ್ತಿರಬೇಕು.

ಅವತ್ತಿಂದ ನನ್ನ ಲಾರಿಯಲ್ಲಿ ಹತ್ತು ಲೀಟರ್ ನೀರಿನ ಕ್ಯಾನು, ಆರು ಓಆರ್‌ಎಸ್ ಪ್ಯಾಕೆಟ್, ಎರಡು ಹತ್ತಿ ಟವೆಲ್ ಇದ್ದೇ ಇರುತ್ತವೆ. ಪ್ಯಾಕೆಟ್ ಇಲ್ಲವಾ? ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಮೂತ್ರ ಕಡು ಹಳದಿಯಾಗಿದ್ದರೆ ಸಾಲುತ್ತಿಲ್ಲ ಅಂತ. ಸುಳ್ಯ, ಪುತ್ತೂರಿನಲ್ಲಿ ಎಳನೀರು, ಪುನರ್ಪುಳಿ ಜ್ಯೂಸ್, ಮಜ್ಜಿಗೆ ಸಿಗುತ್ತವೆ. ಬಿಪಿ, ಶುಗರ್ ಇರೋರು ಉಪ್ಪು ಸಕ್ಕರೆಯ ವಿಷಯ ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನ ಹೊಟ್ಟೆ ತುಂಬ ಬಿರಿಯಾನಿ ಬೇಡ, ಗಂಜಿ ಊಟ ಹಗುರ. ನೆರಳಿಲ್ಲ ಅಂತ ಲಾರಿಯ ಅಡಿಯಲ್ಲಿ ಮಾತ್ರ ಮಲಗಬೇಡಿ. ಮುಂದಿನ ಗಾಡಿ ಹೊರಟ ಕೂಡಲೇ ಯಾರಾದರೂ ಸ್ಟಾರ್ಟ್ ಮಾಡಿಬಿಡುತ್ತಾರೆ.

ಮಾಲೀಕರು ಅವಸರ ಮಾಡಿದರೆ ಒಂದು ಮಾತು ಹೇಳಿ. ಐದು ಗಂಟೆ ಕೆಲಸ ಆದ ಮೇಲೆ ಅರ್ಧ ಗಂಟೆ ಬಿಡುವು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು.

ವಾಪಸ್ ಬರುವಾಗ ಲೋಡ್ ಇಳಿದಿತ್ತು. ನಾಲ್ಕು ಗಂಟೆ ತನಕ ಹುಡುಗನಿಗೆ ನಿದ್ದೆ ಮಾಡೋಕೆ ಬಿಟ್ಟು ಆಮೇಲೆ ಹೊರಟೆ. ಜೋಡುಪಾಲ ದಾಟುತ್ತಿದ್ದಂತೆ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಎಷ್ಟು ಹಿತ ಅಲ್ವಾ ಅನ್ನುವಷ್ಟರಲ್ಲಿ ನನ್ನ ರೆಪ್ಪೆಗಳೇ ಎಳೆಯತೊಡಗಿದವು. ದಿನವಿಡೀ ಬೆಂದ ಮೈ ತಂಪು ಕಂಡ ಕೂಡಲೇ ಹೀಗಾಗುತ್ತದೆ. ಮದೆನಾಡಿನಲ್ಲಿ ರಸ್ತೆ ಬಿಟ್ಟು ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿದೆ. ಮಡಿಕೇರಿ ಇನ್ನೇನು ಬಂತು ಅಂತ ನೀವೂ ಅಲ್ಲಿ ಎಳೆಯಬೇಡಿ, ನಿಲ್ಲಿಸಿ.